ಕಥೆ ಮತ್ತು ಒಗಟು: ಗಣಿತೀಯ ತರ್ಕಶಾಸ್ತ್ರವು ಗಣಿತೇತರರನ್ನು ತಲುಪಿದ ಬಗೆ

ಶಾಸ್ತ್ರವೊಂದು ಶಾಸ್ತ್ರಜ್ಞರ ವಲಯವನ್ನು ದಾಟಿ ಸಾಮಾನ್ಯ ಓದುಗರ ಬಳಿಗೆ ಬರುವಾಗ ಅದರ ರೂಪ ಬದಲಾಗುತ್ತದೆ. ಸೂತ್ರದ ಜಾಗಕ್ಕೆ ದೃಷ್ಟಾಂತ ಬರುತ್ತದೆ, ಸಾಧನೆಯ ಜಾಗಕ್ಕೆ ಕಥೆ ಬರುತ್ತದೆ. ಹೀಗೆ ಬದಲಾದ ರೂಪದಲ್ಲಿ ಶಾಸ್ತ್ರದ ತಿರುಳು ಎಷ್ಟರಮಟ್ಟಿಗೆ ಉಳಿಯುತ್ತದೆ ಎಂಬ ಪ್ರಶ್ನೆಯನ್ನು ವಿಜ್ಞಾನದ ಚರಿತ್ರಕಾರರು ಎತ್ತಿದ್ದಾರೆ. ಜಾನಪದ ಅಧ್ಯಯನಕ್ಕೆ ಈ ಪ್ರಶ್ನೆ ಬೇರೊಂದು ದಿಕ್ಕಿನಿಂದ ಪರಿಚಿತವಾದದ್ದೇ ಆಗಿದೆ. ಬಾಯಿಂದ ಬಾಯಿಗೆ ಸಾಗುವ ಕಥೆಯಲ್ಲಿ ಯಾವ ಆಶಯಗಳು ಬದಲಾದರೂ ಕಥೆ ಅದೇ ಆಗಿ ಉಳಿಯುತ್ತದೆ, ಯಾವ ಆಶಯ ಕಳಚಿದರೆ ಅದು ಬೇರೆಯೇ ಕಥೆಯಾಗುತ್ತದೆ ಎಂಬುದನ್ನು ಪಾಠಾಂತರಗಳ ಹೋಲಿಕೆಯಿಂದ ನಿರ್ಧರಿಸುವ ವಿಧಾನವನ್ನು ಈ ಶಿಸ್ತು ಒಂದು ಶತಮಾನಕ್ಕೂ ಹಿಂದಿನಿಂದ ಬೆಳೆಸಿಕೊಂಡು ಬಂದಿದೆ.

ಗಣಿತೀಯ ತರ್ಕಶಾಸ್ತ್ರವು ಆಧುನಿಕ ಶಾಸ್ತ್ರಗಳಲ್ಲಿ ಅತ್ಯಂತ ಅಮೂರ್ತವಾದುವುಗಳಲ್ಲಿ ಒಂದು. ಆದರೂ ಅದರ ಕೆಲವು ಕಠಿಣ ಫಲಿತಾಂಶಗಳು ಗಣಿತದ ತರಬೇತಿಯಿಲ್ಲದ ಲಕ್ಷಾಂತರ ಜನರನ್ನು ತಲುಪಿವೆ. ತಲುಪಿದ ಬಗೆಗಳನ್ನು ಸ್ಥೂಲವಾಗಿ ಎರಡೆಂದು ಗುರುತಿಸಬಹುದು. ಮೊದಲನೆಯದು ಕಥೆಯ ದಾರಿ. ಇಲ್ಲಿ ಕೇಳುಗನು ಕೇಳಿ ಒಪ್ಪುತ್ತಾನೆ. ಎರಡನೆಯದು ಒಗಟಿನ ದಾರಿ. ಇಲ್ಲಿ ಕೇಳುಗನು ಬಿಡಿಸಬೇಕು, ಬಿಡಿಸದೆ ಮುಂದಿನ ಮಾತಿಲ್ಲ. ಈ ಎರಡು ದಾರಿಗಳಲ್ಲಿ ಶಾಸ್ತ್ರದ ತಿರುಳಿಗೆ ಏನಾಯಿತು ಎಂಬುದನ್ನು ಐತಿಹಾಸಿಕವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಪತ್ರ, ವೃತ್ತ ಮತ್ತು ಬಿಲ್ಲೆ

ತರ್ಕವನ್ನು ಗಣಿತೇತರರಿಗೆ ಚಿತ್ರದ ಮೂಲಕ ತಿಳಿಸಿದ ಪ್ರಸಿದ್ಧ ಪ್ರಯತ್ನ ಹದಿನೆಂಟನೆಯ ಶತಮಾನದ್ದು. ಗಣಿತಜ್ಞ ಲಿಯೋನಾರ್ಡ್ ಆಯ್ಲರ್ ಅವರು ೧೭೬೦ರಿಂದ ೧೭೬೨ರವರೆಗೆ ಜರ್ಮನಿಯ ರಾಜಕುಮಾರಿಯೊಬ್ಬಳಿಗೆ ಫ್ರೆಂಚ್ ಭಾಷೆಯಲ್ಲಿ ಬರೆದ ಪತ್ರಗಳು ಮುಂದೆ ೧೭೬೮ರಿಂದ ೧೭೭೨ರ ಅವಧಿಯಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಅವುಗಳಲ್ಲಿ ಅನುಮಾನದ ರೂಪಗಳನ್ನು ವೃತ್ತಗಳ ಮೂಲಕ ತೋರಿಸಲಾಗಿದೆ. ಒಂದು ವೃತ್ತ ಇನ್ನೊಂದರ ಒಳಗಿದ್ದರೆ ಮೊದಲ ವರ್ಗದ ಎಲ್ಲವೂ ಎರಡನೆಯ ವರ್ಗಕ್ಕೆ ಸೇರಿದುವು ಎಂದರ್ಥ. ಎರಡು ವೃತ್ತಗಳು ಬೇರೆಬೇರೆಯಾಗಿದ್ದರೆ ಆ ವರ್ಗಗಳಿಗೆ ಸಮಾನವಾದುದು ಏನೂ ಇಲ್ಲ ಎಂದರ್ಥ. ಶತಮಾನಗಳ ಕಾಲ ಕಂಠಪಾಠವಾಗಿ ಸಾಗಿಬಂದಿದ್ದ ವಿಷಯ ಇಲ್ಲಿ ಕಣ್ಣಿಗೆ ಕಾಣುವ ವಸ್ತುವಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ತರ್ಕವನ್ನು ಬೀಜಗಣಿತವಾಗಿ ರೂಪಿಸಿದವರಲ್ಲಿ ಪ್ರಮುಖರಾದ ಜಾರ್ಜ್ ಬೂಲ್ ಸ್ವತಃ ವಿಶ್ವವಿದ್ಯಾಲಯದ ಶಿಕ್ಷಣ ಪಡೆದವರಲ್ಲ. ೧೮೧೫ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಚಮ್ಮಾರರೊಬ್ಬರ ಮಗನಾಗಿ ಹುಟ್ಟಿದ ಅವರು ಹೆಚ್ಚಿನ ಗಣಿತವನ್ನು ಸ್ವಂತ ಓದಿನಿಂದಲೇ ಕಲಿತರು. ೧೮೪೭ರಲ್ಲಿ ಅವರ ಮೊದಲ ತರ್ಕಗ್ರಂಥ ಪ್ರಕಟವಾಯಿತು. ೧೮೪೯ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಅದೇ ೧೮೪೭ರಲ್ಲಿ ತಮ್ಮ ತರ್ಕಗ್ರಂಥವನ್ನು ಪ್ರಕಟಿಸಿದ ಆಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು ೧೮೦೬ರಲ್ಲಿ, ದಕ್ಷಿಣ ಭಾರತದ ಮಧುರೆಯಲ್ಲಿ. ಜನಸಾಮಾನ್ಯರಿಗಾಗಿ ಹೊರಟ ಅಗ್ಗದ ವಿಶ್ವಕೋಶವೊಂದಕ್ಕೆ ಅವರು ನೂರಾರು ಲೇಖನಗಳನ್ನು ಬರೆದರು. ಆಧುನಿಕ ತರ್ಕಶಾಸ್ತ್ರದ ಆರಂಭದ ಹಂತದಲ್ಲಿ ಶಾಸ್ತ್ರದ ರಚನೆ ಮತ್ತು ಅದರ ಪ್ರಸಾರ ಎರಡೂ ಒಂದೇ ಕೈಗಳಲ್ಲಿ ಇದ್ದವು ಎಂಬುದನ್ನು ಇಲ್ಲಿ ಗಮನಿಸಬಹುದು.

ಒಗಟಿನ ದಾರಿಯನ್ನು ಉದ್ದೇಶಪೂರ್ವಕವಾಗಿ ಹಿಡಿದವರು ಲೂಯಿಸ್ ಕ್ಯಾರಲ್ ಎಂಬ ಹೆಸರಿನಲ್ಲಿ ಮಕ್ಕಳ ಕಥೆಗಳನ್ನು ಬರೆದ ಆಕ್ಸ್‌ಫರ್ಡಿನ ಗಣಿತೋಪನ್ಯಾಸಕ ಚಾರ್ಲ್ಸ್ ಡಾಜ್‌ಸನ್. ೧೮೮೬ರಲ್ಲಿ ಅವರು ಹೊರತಂದ ತರ್ಕದ ಆಟದ ಪುಸ್ತಕದೊಂದಿಗೆ ಚೌಕಗಳನ್ನು ಎಳೆದ ಒಂದು ಫಲಕ ಹಾಗೂ ಒಂಬತ್ತು ಬಿಲ್ಲೆಗಳು ಇದ್ದವು. ನಾಲ್ಕು ಕೆಂಪು, ಐದು ಬೂದು ಬಣ್ಣದವು. ಚೌಕದಲ್ಲಿ ಕೆಂಪು ಬಿಲ್ಲೆ ಇಟ್ಟರೆ ಅಲ್ಲಿ ಏನೋ ಇದೆ ಎಂದರ್ಥ. ಬೂದು ಬಿಲ್ಲೆ ಇಟ್ಟರೆ ಅಲ್ಲಿ ಏನೂ ಇಲ್ಲ ಎಂದರ್ಥ. ಚೌಕಾಬಾರ ಅಥವಾ ಹುಲಿ-ಕುರಿ ಆಟದಲ್ಲಿ ಮಕ್ಕಳು ಕಾಯಿ ನಡೆಸುವಂತೆ ಇಲ್ಲಿ ಕಲಿಯುವವರು ಬಿಲ್ಲೆ ನಡೆಸಬೇಕಿತ್ತು. ‘ಎಲ್ಲ’, ‘ಕೆಲವು’, ‘ಯಾವುದೂ ಇಲ್ಲ’ ಎಂಬ ಪದಗಳ ನಿಖರವಾದ ಅರ್ಥ ಕೈಯ ಚಲನೆಯಲ್ಲಿ ವ್ಯಕ್ತವಾಗುತ್ತಿತ್ತು. ಆಕ್ಸ್‌ಫರ್ಡಿನ ಬಾಲಕಿಯರ ಪ್ರೌಢಶಾಲೆಯಲ್ಲಿಯೂ ಮಹಿಳಾ ವಿದ್ಯಾರ್ಥಿನಿಯರ ನಿಲಯದಲ್ಲಿಯೂ ಅವರು ತರ್ಕವನ್ನು ಬೋಧಿಸಿದರು.

ಇದೇ ಲೇಖಕರು ೧೮೯೫ರಲ್ಲಿ ಆಮೆ ಮತ್ತು ಅಕಿಲೀಸನ ಸಂವಾದವೊಂದನ್ನು ಪ್ರಕಟಿಸಿದರು. ಎರಡು ಆಧಾರವಾಕ್ಯಗಳನ್ನು ಒಪ್ಪುವ ಆಮೆ ಅವುಗಳಿಂದ ಬರುವ ತೀರ್ಮಾನವನ್ನು ಒಪ್ಪುವುದಿಲ್ಲ. ‘ಈ ಎರಡು ನಿಜವಾದರೆ ತೀರ್ಮಾನವೂ ನಿಜ’ ಎಂಬುದನ್ನು ಮೂರನೆಯ ವಾಕ್ಯವಾಗಿ ಬರೆದುಕೊಳ್ಳಲು ಹೇಳುತ್ತದೆ, ಬರೆದ ಮೇಲೆ ನಾಲ್ಕನೆಯದನ್ನು ಕೇಳುತ್ತದೆ, ಇದಕ್ಕೆ ಕೊನೆಯಿಲ್ಲ. ಕನ್ನಡ ಜನಪದದಲ್ಲಿ ಕಥೆಗಾಗಿ ಪೀಡಿಸುವ ಮಕ್ಕಳಿಗೆ ಹೇಳುವ ಮುಗಿಯದ ಕಥೆಗಳಿವೆ. ಕಣಜಕ್ಕೆ ಒಂದು ಗುಬ್ಬಿ ಬಂದು ಒಂದು ಕಾಳು ಒಯ್ಯುತ್ತದೆ, ಇನ್ನೊಂದು ಗುಬ್ಬಿ ಬಂದು ಇನ್ನೊಂದು ಕಾಳು ಒಯ್ಯುತ್ತದೆ. ಕಥಾವರ್ಗಗಳ ಅಂತರರಾಷ್ಟ್ರೀಯ ಸೂಚಿಯಲ್ಲಿ ಇವು ೨೩೦೦ನೆಯ ಸಂಖ್ಯೆಯಡಿ ಬರುತ್ತವೆ. ರೂಪ ಒಂದೇ ಆದರೂ ಕಾರ್ಯ ಬೇರೆ. ಗುಬ್ಬಿಯ ಕಥೆ ಕೇಳುಗನನ್ನು ದಣಿಸಿ ಮಲಗಿಸುತ್ತದೆ. ಆಮೆಯ ಸಂವಾದವಾದರೋ ಅನುಮಾನದ ನಿಯಮವನ್ನು ಇನ್ನೊಂದು ಆಧಾರವಾಕ್ಯವನ್ನಾಗಿ ಮಾಡಿದರೆ ಅನುಮಾನವೇ ನಡೆಯದು ಎಂಬುದನ್ನು ಕಾಣಿಸುತ್ತದೆ. ಭಾರತೀಯ ನ್ಯಾಯಶಾಸ್ತ್ರವು ಅನವಸ್ಥಾ ಎಂದು ಕರೆದ ದೋಷ ಇದೇ ಬಗೆಯದು. ವಾಕ್ಯ ಮತ್ತು ನಿಯಮ ಬೇರೆಬೇರೆ ಎಂಬ ಈ ತಿಳಿವಳಿಕೆ ಇಲ್ಲದೆ ಇಪ್ಪತ್ತನೆಯ ಶತಮಾನದ ತರ್ಕಶಾಸ್ತ್ರದೊಳಗೆ ಪ್ರವೇಶವಿಲ್ಲ.

೨. ಕ್ಷೌರಿಕನ ಕಥೆಯಲ್ಲಿ ಕಳಚಿದ ಆಶಯ

ತನ್ನನ್ನು ಕುರಿತು ತಾನೇ ಹೇಳಿಕೊಳ್ಳುವ ಮಾತಿನ ತೊಡಕು ಪ್ರಾಚೀನವಾದುದು. ಗ್ರೀಕ್ ಪರಂಪರೆಯಲ್ಲಿ ಸುಳ್ಳುಗಾರನ ಸಮಸ್ಯೆ ಕ್ರಿ.ಪೂ. ನಾಲ್ಕನೆಯ ಶತಮಾನದ ಯೂಬುಲಿಡೀಸನ ಹೆಸರಿನೊಡನೆ ಬಂದಿದೆ. ಭಾರತದಲ್ಲಿ ಭರ್ತೃಹರಿಯು ವಾಕ್ಯಪದೀಯದಲ್ಲಿ, ತಾನು ಹೇಳುವುದೆಲ್ಲ ಸುಳ್ಳು ಎನ್ನುವವನ ಮಾತನ್ನು ಪರಿಶೀಲಿಸಿದ್ದಾನೆ. ಕಥೆಯನ್ನೇ ಕುರಿತ ಕಥೆಗಳು ಜನಪದರಲ್ಲಿ ಸಾಮಾನ್ಯ. ಎ.ಕೆ. ರಾಮಾನುಜನ್ ಅವರ ಸಂಗ್ರಹದಲ್ಲಿ ಬಂದಿರುವ ಕನ್ನಡ ಕಥೆಯೊಂದರಲ್ಲಿ, ತನಗೆ ಗೊತ್ತಿದ್ದ ಕಥೆಯನ್ನೂ ಹಾಡನ್ನೂ ಯಾರಿಗೂ ಹೇಳದೆ ಇಟ್ಟುಕೊಂಡ ಹೆಣ್ಣಿನ ಮೇಲೆ ಆ ಕಥೆ ಮತ್ತು ಹಾಡುಗಳೇ ಸೇಡು ತೀರಿಸಿಕೊಳ್ಳುತ್ತವೆ. ಆದುದರಿಂದ ಸ್ವೋಲ್ಲೇಖದ ಕಲ್ಪನೆ ಸಾಮಾನ್ಯ ಕೇಳುಗನಿಗೆ ಅಪರಿಚಿತವೇನಲ್ಲ. ಕಷ್ಟವಿರುವುದು ಅದರಿಂದ ಯಾವ ತೀರ್ಮಾನಕ್ಕೆ ಬರಬೇಕು ಎಂಬಲ್ಲಿ.

ಜರ್ಮನಿಯ ಗಾಟ್ಲೋಬ್ ಫ್ರೇಗೆ ಅವರು ಅಂಕಗಣಿತವನ್ನು ಶುದ್ಧ ತರ್ಕದ ಮೇಲೆ ನಿಲ್ಲಿಸಲು ದಶಕಗಳ ಕಾಲ ದುಡಿದರು. ಅವರ ಗ್ರಂಥದ ಎರಡನೆಯ ಸಂಪುಟ ಅಚ್ಚಿನಲ್ಲಿದ್ದಾಗ, ೧೯೦೨ರ ಜೂನ್ ತಿಂಗಳಲ್ಲಿ ಬರ್ಟ್ರಂಡ್ ರಸೆಲ್ ಅವರ ಪತ್ರ ಬಂತು. ತನ್ನನ್ನು ತಾನೇ ಸದಸ್ಯನಾಗಿ ಹೊಂದಿರದ ಗಣಗಳೆಲ್ಲವನ್ನೂ ಸೇರಿಸಿ ಒಂದು ಗಣ ಮಾಡಿದರೆ, ಆ ಗಣ ತನ್ನ ಸದಸ್ಯನೆ ಎಂಬುದು ಪ್ರಶ್ನೆ. ಹೌದೆಂದರೆ ಅಲ್ಲವೆಂದಾಗುತ್ತದೆ, ಅಲ್ಲವೆಂದರೆ ಹೌದೆಂದಾಗುತ್ತದೆ. ೧೯೦೩ರಲ್ಲಿ ಹೊರಬಂದ ಸಂಪುಟಕ್ಕೆ ಫ್ರೇಗೆ ಈ ವಿಷಯವನ್ನು ಕುರಿತ ಅನುಬಂಧವನ್ನು ಸೇರಿಸಬೇಕಾಯಿತು.

ಈ ಸಮಸ್ಯೆ ಜನರ ನಡುವೆ ಹರಡಿದ್ದು ಊರ ಕ್ಷೌರಿಕನ ಕಥೆಯಾಗಿ. ತಮ್ಮ ಕ್ಷೌರವನ್ನು ತಾವೇ ಮಾಡಿಕೊಳ್ಳದವರೆಲ್ಲರಿಗೂ, ಅವರಿಗೆ ಮಾತ್ರ, ಕ್ಷೌರ ಮಾಡುವ ಕ್ಷೌರಿಕನು ತನ್ನ ಕ್ಷೌರವನ್ನು ತಾನು ಮಾಡಿಕೊಳ್ಳುತ್ತಾನೆಯೆ? ಗ್ರಂಥಾಲಯಗಳಲ್ಲಿ ಇದೇ ಕಥೆ ಗ್ರಂಥಸೂಚಿಯ ರೂಪ ತಾಳುತ್ತದೆ: ತಮ್ಮ ಹೆಸರನ್ನು ತಾವೇ ನಮೂದಿಸದ ಸೂಚಿಗಳೆಲ್ಲದರ ಸೂಚಿಯೊಂದನ್ನು ತಯಾರಿಸುವವರು ಅದರಲ್ಲಿ ಆ ಸೂಚಿಯ ಹೆಸರನ್ನು ಸೇರಿಸಬೇಕೆ, ಬಿಡಬೇಕೆ? ಎರಡು ಪಾಠಾಂತರಗಳಲ್ಲಿಯೂ ಪಾತ್ರಗಳು ಬದಲಾಗಿವೆ, ಸುತ್ತು ಹಾಗೆಯೇ ಇದೆ.

ಆದರೆ ಮೂಲದ ಒಂದು ಆಶಯ ಎರಡರಲ್ಲಿಯೂ ಕಳಚಿಹೋಗಿದೆ. ಕ್ಷೌರಿಕನ ಪ್ರಶ್ನೆಗೆ ಸರಳವಾದ ಉತ್ತರವಿದೆ: ಅಂಥ ಕ್ಷೌರಿಕ ಇಲ್ಲ. ಅಂಥ ಸೂಚಿಯೂ ಇಲ್ಲ. ಹೀಗೆಂದ ಕೂಡಲೇ ತೊಡಕು ಮುಗಿಯುತ್ತದೆ, ಯಾರಿಗೂ ನಷ್ಟವಿಲ್ಲ. ಗಣದ ವಿಷಯದಲ್ಲಿ ಹಾಗೆ ಹೇಳುವಂತಿರಲಿಲ್ಲ. ಯಾವ ಲಕ್ಷಣವನ್ನು ಹೇಳಿದರೂ ಆ ಲಕ್ಷಣವುಳ್ಳವುಗಳ ಗಣ ಇದ್ದೇ ಇರುತ್ತದೆ ಎಂಬುದು ಫ್ರೇಗೆ ಅವರ ವ್ಯವಸ್ಥೆಯ ಆಧಾರನಿಯಮದಿಂದ ಒದಗುವ ಮಾತಾಗಿತ್ತು. ‘ಅಂಥ ಗಣ ಇಲ್ಲ’ ಎಂದರೆ ಆ ನಿಯಮವೇ ಕುಸಿಯುತ್ತದೆ, ಅದರ ಮೇಲೆ ಕಟ್ಟಿದ ಅಂಕಗಣಿತವೂ ಅಲುಗುತ್ತದೆ. ಕ್ಷೌರಿಕನ ರೂಪವನ್ನು ಬೇರೆಯವರು ತಮಗೆ ಸೂಚಿಸಿದರೆಂದು ತಿಳಿಸಿದ ರಸೆಲ್ ಅವರೇ ತಮ್ಮ ೧೯೧೮ರ ಉಪನ್ಯಾಸಗಳಲ್ಲಿ ಈ ವ್ಯತ್ಯಾಸವನ್ನು ಎತ್ತಿ ಹೇಳಿದ್ದಾರೆ. ಇಷ್ಟಾದರೂ ಕ್ಷೌರಿಕನ ಕಥೆ ಉಳಿಯಿತು, ಎಚ್ಚರಿಕೆ ಮರೆಯಾಯಿತು. ರಸೆಲ್ ಸಮಸ್ಯೆ ಒಂದು ಚಮತ್ಕಾರ ಮಾತ್ರ ಎಂಬ ಭಾವನೆ ಸಾಮಾನ್ಯ ಓದುಗರಲ್ಲಿ ನೆಲೆಯೂರಲು ಈ ಲೋಪ ದಾರಿ ಮಾಡಿಕೊಟ್ಟಿತು.

೩. ಅನಂತದ ಪಟ್ಟಿ

ಗೆಯಾರ್ಗ್ ಕ್ಯಾಂಟರ್ ಅವರು ೧೮೯೧ರಲ್ಲಿ ಪ್ರಕಟಿಸಿದ ಕರ್ಣವಿಧಾನವು ತರ್ಕಶಾಸ್ತ್ರದ ಮುಂದಿನ ಅನೇಕ ಸಾಧನೆಗಳಿಗೆ ಮಾದರಿಯಾಯಿತು. ಸೂತ್ರಗಳಿಲ್ಲದೆಯೂ ಅದನ್ನು ಪೂರ್ಣವಾಗಿ ಗ್ರಹಿಸಬಹುದು. ಡೊಳ್ಳು ಬಾರಿಸುವವರ ಕೊನೆಯಿಲ್ಲದ ಸಾಲೊಂದನ್ನು ಕಲ್ಪಿಸಿಕೊಳ್ಳಬೇಕು. ಒಬ್ಬೊಬ್ಬನಿಗೂ ಒಂದೊಂದು ಕೊನೆಯಿಲ್ಲದ ಗತ್ತು. ಪ್ರತಿ ಮಾತ್ರೆಯಲ್ಲಿ ಪೆಟ್ಟು ಇರಬೇಕು ಇಲ್ಲವೆ ಬಿಡುವು ಇರಬೇಕು. ಸಾಧ್ಯವಿರುವ ಗತ್ತುಗಳೆಲ್ಲವೂ ಈ ಸಾಲಿನಲ್ಲಿ ಇವೆ ಎಂದು ಒಬ್ಬರು ವಾದಿಸಿದರೆ, ಅವರೆದುರು ಹೊಸ ಗತ್ತೊಂದನ್ನು ಹೀಗೆ ಕಟ್ಟಬಹುದು: ಮೊದಲನೆಯವನ ಮೊದಲ ಮಾತ್ರೆಯಲ್ಲಿ ಪೆಟ್ಟಿದ್ದರೆ ಇಲ್ಲಿ ಬಿಡುವು, ಬಿಡುವಿದ್ದರೆ ಪೆಟ್ಟು; ಎರಡನೆಯವನ ಎರಡನೆಯ ಮಾತ್ರೆಗೆ ವಿರುದ್ಧವಾದುದು ಇಲ್ಲಿ ಎರಡನೆಯ ಮಾತ್ರೆ; ಹೀಗೆಯೇ ಮುಂದೆ. ಹೊಸ ಗತ್ತು ಸಾಲಿನ ಪ್ರತಿಯೊಬ್ಬನ ಗತ್ತಿನಿಂದಲೂ ಕನಿಷ್ಠ ಒಂದು ಮಾತ್ರೆಯಲ್ಲಿ ಭಿನ್ನ. ಅಂದಮೇಲೆ ಅದು ಸಾಲಿನಲ್ಲಿ ಇಲ್ಲ.

ಕಲಿಯುವವರು ಇಲ್ಲಿ ಸಾಮಾನ್ಯವಾಗಿ ಎತ್ತುವ ಆಕ್ಷೇಪವೊಂದಿದೆ. ಆ ಹೊಸ ಗತ್ತನ್ನು ಸಾಲಿನ ತಲೆಗೆ ಸೇರಿಸಿದರೆ ಆಯಿತಲ್ಲ ಎಂಬುದೇ ಅದು. ಡೇವಿಡ್ ಹಿಲ್ಬರ್ಟ್ ಅವರ ೧೯೨೪-೨೫ರ ಉಪನ್ಯಾಸಗಳಲ್ಲಿ ಬಂದು, ಜಾರ್ಜ್ ಗ್ಯಾಮೋ ಅವರ ೧೯೪೭ರ ಜನಪ್ರಿಯ ಗ್ರಂಥದಿಂದ ಪ್ರಸಿದ್ಧವಾದ ಅನಂತ ಕೋಣೆಗಳ ವಸತಿಗೃಹದ ಕಥೆ ಈ ಆಕ್ಷೇಪಕ್ಕೆ ಬಲ ಕೊಡುತ್ತದೆ. ಎಲ್ಲ ಕೋಣೆಗಳೂ ತುಂಬಿದ್ದರೂ ಪ್ರತಿಯೊಬ್ಬರನ್ನೂ ಮುಂದಿನ ಕೋಣೆಗೆ ಕಳುಹಿಸಿ ಹೊಸಬನಿಗೆ ಮೊದಲ ಕೋಣೆ ಕೊಡಬಹುದಲ್ಲವೆ? ಒಬ್ಬ ಹೊಸಬನನ್ನು ಸೇರಿಸಬಹುದು ಎಂಬುದು ನಿಜ. ಆದರೆ ಸೇರಿಸಿದ ಮೇಲಿನ ಸಾಲಿಗೂ ಅದೇ ವಿಧಾನವನ್ನು ಅನ್ವಯಿಸಿ ಮತ್ತೊಂದು ಗತ್ತನ್ನು ಕಟ್ಟಬಹುದು. ಸಾಧನೆಯು ಒಂದು ನಿರ್ದಿಷ್ಟ ಗತ್ತಿನ ಬಗ್ಗೆ ಇಲ್ಲ. ಯಾವ ಸಾಲೂ ಪೂರ್ಣವಾಗದು ಎಂಬುದರ ಬಗ್ಗೆ ಇದೆ. ವಸತಿಗೃಹದ ಕಥೆಯನ್ನು ಮಾತ್ರ ಕೇಳಿದವರಿಗೆ ಅನಂತದಲ್ಲಿ ಏನು ಬೇಕಾದರೂ ಹಿಡಿಸುತ್ತದೆ ಎಂಬ ಭಾವನೆ ಬರುತ್ತದೆ. ಗತ್ತನ್ನು ತಾವೇ ನಾಲ್ಕಾರು ಮಾತ್ರೆಗಳವರೆಗೆ ಕಟ್ಟಿ ನೋಡಿದವರಿಗೆ ಹಿಡಿಸದ ಅನಂತವೂ ಇದೆ ಎಂಬುದು ತಿಳಿಯುತ್ತದೆ.

ಅನಂತದ ಪ್ರಭೇದಗಳ ವಿಚಾರಕ್ಕೆ ಕರ್ನಾಟಕದೊಡನೆ ಒಂದು ಸಂಬಂಧವಿದೆ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಾಷ್ಟ್ರಕೂಟರ ಕಾಲದಲ್ಲಿ ಬರೆದ ಧವಲಾ ಟೀಕೆಯ ತಾಳೆಯೋಲೆ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯಲ್ಲಿ ಉಳಿದುಬಂದವು. ದೀರ್ಘಕಾಲ ದರ್ಶನಕ್ಕೆ ಮಾತ್ರ ಮೀಸಲಾಗಿದ್ದ ಈ ಗ್ರಂಥದ ಮುದ್ರಣ ೧೯೩೯ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಆರಂಭವಾಯಿತು. ಸಂಖ್ಯಾತ, ಅಸಂಖ್ಯಾತ, ಅನಂತ ಎಂಬ ವಿಭಾಗವೂ ಅನಂತದೊಳಗೆ ಪರೀತಾನಂತ, ಯುಕ್ತಾನಂತ, ಅನಂತಾನಂತ ಎಂಬ ಭೇದಗಳೂ ಜೈನ ಪರಂಪರೆಯಲ್ಲಿ ವಿವರವಾಗಿ ಚರ್ಚಿತವಾಗಿವೆ. ಅನಂತಗಳೆಲ್ಲ ಒಂದೇ ಅಳತೆಯವಲ್ಲ ಎಂಬ ಚಿಂತನೆ ಇಲ್ಲಿರುವುದು ಗಮನಾರ್ಹ. ಹಾಗೆಂದು ಕ್ಯಾಂಟರ್ ಅವರ ಪ್ರಮೇಯ ಇಲ್ಲಿ ಮೊದಲೇ ಇತ್ತು ಎಂದು ಹೇಳಿದರೆ ಅದು ಎರಡು ಕಥಾವರ್ಗಗಳನ್ನು ಒಂದೇ ಆಶಯದ ಬಲದಿಂದ ಒಂದೆಂದು ಸಾರಿದಂತಾಗುತ್ತದೆ. ಕ್ಯಾಂಟರ್ ಅವರ ತಿರುಳು ಒಂದಕ್ಕೊಂದು ಜೋಡಿಸುವ ವಿಧಾನ ಮತ್ತು ಜೋಡಣೆ ಅಸಾಧ್ಯವೆಂಬ ಸಾಧನೆ. ಧವಲೆಯ ಭೇದಗಳು ಜೈನ ತತ್ತ್ವದ ದ್ರವ್ಯ, ಕ್ಷೇತ್ರ, ಕಾಲಗಳ ಪರಿಮಾಣವನ್ನು ಹೇಳುವುದಕ್ಕಾಗಿ ಹುಟ್ಟಿದವು. ಎರಡನ್ನೂ ಅವುಗಳ ಸ್ಥಾನದಲ್ಲಿಯೇ ಇಟ್ಟು ನೋಡಿದಾಗ ಎರಡಕ್ಕೂ ನ್ಯಾಯ ಒದಗುತ್ತದೆ.

೪. ಕಡತದ ಹೊರಗೆ ಉಳಿಯುವ ಸತ್ಯ

೧೯೦೬ರಲ್ಲಿ ಈಗಿನ ಚೆಕ್ ಗಣರಾಜ್ಯದ ಬರ್ನೊ ನಗರದಲ್ಲಿ ಹುಟ್ಟಿದ ಕುರ್ಟ್ ಗೋಡೆಲ್ ಅವರು ೧೯೩೦ರ ಸೆಪ್ಟೆಂಬರಿನಲ್ಲಿ ಕೋನಿಗ್ಸ್‌ಬರ್ಗ್ ನಗರದ ಸಮ್ಮೇಳನದಲ್ಲಿ ಸೂಚಿಸಿ, ೧೯೩೧ರಲ್ಲಿ ಪ್ರಕಟಿಸಿದ ಅಪೂರ್ಣತಾ ಪ್ರಮೇಯವು ಗಣಿತೇತರರ ಕುತೂಹಲವನ್ನು ಬೇರಾವ ಪ್ರಮೇಯಕ್ಕಿಂತಲೂ ಹೆಚ್ಚಾಗಿ ಕೆರಳಿಸಿದೆ. ಅದರ ಹೊರರೂಪವನ್ನು ಹೀಗೆ ನಿರೂಪಿಸಬಹುದು. ಒಂದು ಕಡತವಿದೆ. ನಿಗದಿಯಾದ ನಿಯಮಗಳ ಪ್ರಕಾರ ಅದರಲ್ಲಿ ವಾಕ್ಯಗಳು ದಾಖಲಾಗುತ್ತಾ ಹೋಗುತ್ತವೆ. ಸುಳ್ಳು ವಾಕ್ಯ ಎಂದೂ ದಾಖಲಾಗುವುದಿಲ್ಲ. ಈಗ ‘ಈ ವಾಕ್ಯ ಈ ಕಡತದಲ್ಲಿ ಎಂದೂ ದಾಖಲಾಗದು’ ಎಂಬ ವಾಕ್ಯವನ್ನು ಪರಿಶೀಲಿಸಬೇಕು. ಅದು ದಾಖಲಾದರೆ ಸುಳ್ಳಾಗುತ್ತದೆ, ಸುಳ್ಳು ದಾಖಲಾಗುವಂತಿಲ್ಲ. ಆದ್ದರಿಂದ ಅದು ದಾಖಲಾಗುವುದಿಲ್ಲ. ಅದು ಹೇಳುವುದೂ ಅದನ್ನೇ. ಹೀಗಾಗಿ ಅದು ನಿಜ, ಮತ್ತು ಕಡತದ ಹೊರಗಿದೆ.

ಇಷ್ಟು ಭಾಗ ಒಗಟಿನಂತೆ ಬಿಡಿಸಬಹುದಾದದ್ದು. ಗೋಡೆಲ್ ಅವರೂ ತಮ್ಮ ಲೇಖನದ ಪ್ರಾಸ್ತಾವಿಕ ಭಾಗದಲ್ಲಿ ಸುಳ್ಳುಗಾರನ ಸಮಸ್ಯೆಯೊಡನೆ ಇರುವ ಸಾಮ್ಯವನ್ನು ಸೂಚಿಸಿದ್ದಾರೆ. ಆದರೆ ಪ್ರಮೇಯದ ಕಷ್ಟ ಇರುವುದು ‘ಈ ವಾಕ್ಯ’ ಎಂಬ ಎರಡು ಪದಗಳಲ್ಲಿ. ಅಂಕಗಣಿತದ ಭಾಷೆಯಲ್ಲಿ ಸಂಖ್ಯೆ, ಸಂಕಲನ, ಗುಣಾಕಾರಗಳಿವೆ. ‘ವಾಕ್ಯ’ ಎಂಬ ಪದವಿಲ್ಲ, ‘ಈ’ ಎಂದು ಬೆರಳು ತೋರಿಸುವ ಪದವೂ ಇಲ್ಲ. ಸಂಖ್ಯೆಗಳನ್ನು ಮಾತ್ರ ಬಲ್ಲ ಭಾಷೆ ತನ್ನ ವಾಕ್ಯಗಳನ್ನು ಕುರಿತು ಹೇಗೆ ಮಾತಾಡಬಲ್ಲದು? ಗೋಡೆಲ್ ಅವರ ಉತ್ತರ ವಾಕ್ಯಗಳಿಗೆ ಸಂಖ್ಯೆ ಕೊಡುವುದು.

ಉದಾಹರಣೆಗೆ, ಸೊನ್ನೆಯ ಚಿಹ್ನೆಗೆ ೧, ಸಮಚಿಹ್ನೆಗೆ ೨ ಎಂಬ ಸಂಕೇತಗಳನ್ನು ಇಟ್ಟುಕೊಳ್ಳಬಹುದು. ‘೦ = ೦’ ಎಂಬ ವಾಕ್ಯದ ಸಂಕೇತಗಳು ಕ್ರಮವಾಗಿ ೧, ೨, ೧. ಮೊದಲ ಮೂರು ಅವಿಭಾಜ್ಯ ಸಂಖ್ಯೆಗಳಾದ ೨, ೩, ೫ ಇವುಗಳಿಗೆ ಆ ಸಂಕೇತಗಳನ್ನು ಘಾತಗಳಾಗಿ ಕೊಟ್ಟು ಗುಣಿಸಿದರೆ ೨ × ೯ × ೫, ಅಂದರೆ ೯೦ ದೊರೆಯುತ್ತದೆ. ಯಾವ ಸಂಖ್ಯೆಯನ್ನೂ ಒಂದೇ ಬಗೆಯಲ್ಲಿ ಅವಿಭಾಜ್ಯಗಳಾಗಿ ಒಡೆಯಲು ಸಾಧ್ಯವಿರುವುದರಿಂದ ೯೦ರಿಂದ ಹಿಂದಕ್ಕೆ ಬಂದು ಆ ವಾಕ್ಯವನ್ನೇ ಮತ್ತೆ ಪಡೆಯಬಹುದು. ಈಗ ‘ಈ ವಾಕ್ಯದ ಮೊದಲ ಚಿಹ್ನೆ ಸೊನ್ನೆ’ ಎಂಬ ಮಾತನ್ನು ‘ಈ ಸಂಖ್ಯೆ ೨ರಿಂದ ಭಾಗವಾಗುತ್ತದೆ, ೪ರಿಂದ ಭಾಗವಾಗುವುದಿಲ್ಲ’ ಎಂದು ಹೇಳಬಹುದು. ೯೦ಕ್ಕೆ ಅದು ಸರಿಹೊಂದುತ್ತದೆ. ವಾಕ್ಯವನ್ನು ಕುರಿತ ಮಾತು ಸಂಖ್ಯೆಯನ್ನು ಕುರಿತ ಮಾತಾಯಿತು. ಸಾಧನೆ ಎಂಬುದೂ ವಾಕ್ಯಗಳ ಸಾಲೇ ಆದ್ದರಿಂದ ಅದಕ್ಕೂ ಹೀಗೆಯೇ ಸಂಖ್ಯೆ ಕೊಡಬಹುದು. ‘ಈ ಸಾಲು ಆ ವಾಕ್ಯದ ಸಾಧನೆ’ ಎಂಬುದನ್ನೂ ಎರಡು ಸಂಖ್ಯೆಗಳ ಸಂಬಂಧವಾಗಿ ಬರೆಯಬಹುದು. ಬಳಿಕ ಕ್ಯಾಂಟರ್ ಅವರ ಕರ್ಣವಿಧಾನವನ್ನು ಹೋಲುವ ಕ್ರಮವೊಂದರಿಂದ, ತನ್ನದೇ ಸಂಖ್ಯೆಯ ವಾಕ್ಯಕ್ಕೆ ಸಾಧನೆಯಿಲ್ಲ ಎಂದು ಹೇಳುವ ಅಂಕಗಣಿತ ವಾಕ್ಯವನ್ನು ಗೋಡೆಲ್ ರಚಿಸಿದರು.

೫. ಗಣಿತೇತರರಿಗಾಗಿ ಬರೆದವರು

ಈ ಪ್ರಮೇಯವನ್ನು ಗಣಿತೇತರರಿಗೆ ಮುಟ್ಟಿಸಲು ಮೊದಲೇ ಯತ್ನಿಸಿದವರಲ್ಲಿ ಹಂಗೇರಿಯ ರೋಜಾ ಪೀಟರ್ ಗಣನೀಯರು. ಗಣಿತೀಯ ತರ್ಕದ ಒಂದು ಶಾಖೆಯನ್ನೇ ಬೆಳೆಸಿದ ಈ ವಿದುಷಿಗೆ ಯೆಹೂದಿ ವಿರೋಧಿ ಕಾನೂನುಗಳಿಂದಾಗಿ ೧೯೩೯ರ ಬಳಿಕ ಬೋಧನೆಯ ಅವಕಾಶ ತಪ್ಪಿತು. ಸಾಹಿತಿ ಮಿತ್ರರೊಬ್ಬರಿಗೆ ಬರೆದ ಪತ್ರಗಳಿಂದ ಬೆಳೆದ ‘ಅನಂತದೊಡನೆ ಆಟ’ ಎಂಬ ಅರ್ಥದ ಹೆಸರಿನ ಆಕೆಯ ಗ್ರಂಥ ೧೯೪೩ರಲ್ಲಿ ಸಿದ್ಧವಾಗಿ, ಮಹಾಯುದ್ಧದ ಕೊನೆಯ ಹೊತ್ತಿಗೆ ಓದುಗರ ಕೈಸೇರಿತು. ೧೯೬೧ರಲ್ಲಿ ಇಂಗ್ಲಿಷಿಗೆ ಬಂತು. ಬೆರಳೆಣಿಕೆಯಿಂದ ಆರಂಭಿಸಿ ಗೋಡೆಲ್ ಅವರ ಫಲಿತಾಂಶದವರೆಗೆ ಓದುಗನನ್ನು ಹಂತಹಂತವಾಗಿ ಕರೆದೊಯ್ಯುವುದು ಅದರ ಕ್ರಮ. ಆಯ್ಲರ್ ಅವರ ಪತ್ರಗಳಲ್ಲಿದ್ದಂತೆ ಇಲ್ಲಿಯೂ ಒಬ್ಬ ನಿರ್ದಿಷ್ಟ ಕೇಳುಗ ಎದುರಿಗಿದ್ದುದರಿಂದ ಅರ್ಥವಾಗದ ಹೆಜ್ಜೆಯನ್ನು ಹಾರಿ ಮುಂದೆ ಹೋಗುವಂತಿರಲಿಲ್ಲ.

ತತ್ತ್ವಜ್ಞ ಅರ್ನೆಸ್ಟ್ ನಾಗೆಲ್ ಮತ್ತು ವೃತ್ತಿಯಿಂದ ವಕೀಲರಾಗಿದ್ದ ಜೇಮ್ಸ್ ನ್ಯೂಮನ್ ಅವರು ೧೯೫೬ರಲ್ಲಿ ನಿಯತಕಾಲಿಕದ ಲೇಖನವಾಗಿ, ೧೯೫೮ರಲ್ಲಿ ಪುಸ್ತಕವಾಗಿ ಗೋಡೆಲ್ ಅವರ ಸಾಧನೆಯನ್ನು ನಿರೂಪಿಸಿದರು. ಸಂಖ್ಯೆ ಕೊಡುವ ಕ್ರಮವನ್ನು ಬಿಡದೆ ವಿವರಿಸಿದ್ದು ಈ ಕಿರುಹೊತ್ತಗೆಯ ಹೆಚ್ಚುಗಾರಿಕೆ. ಹದಿಹರೆಯದಲ್ಲಿ ಅದನ್ನು ಓದಿದ ಡಗ್ಲಸ್ ಹಾಫ್‌ಸ್ಟಾಟರ್ ಮುಂದೆ ೧೯೭೯ರಲ್ಲಿ ಸಂಗೀತ, ಚಿತ್ರಕಲೆ, ತರ್ಕಗಳನ್ನು ಒಟ್ಟಿಗೆ ಹೆಣೆದ ಬೃಹತ್ ಗ್ರಂಥವನ್ನು ಪ್ರಕಟಿಸಿದರು. ಅದಕ್ಕೆ ೧೯೮೦ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಕ್ಯಾರಲ್ ಅವರ ಆಮೆ ಮತ್ತು ಅಕಿಲೀಸರು ಅಲ್ಲಿ ಮತ್ತೆ ಸಂವಾದಕ್ಕೆ ಇಳಿದಿದ್ದಾರೆ. ನಡುನಡುವೆ ಓದುಗನೇ ಮಾಡಿ ನೋಡಬೇಕಾದ ಚಿಹ್ನೆಗಳ ಆಟಗಳನ್ನು ಒಡ್ಡಿರುವುದರಿಂದ ಈ ಗ್ರಂಥದಲ್ಲಿ ಕಥೆಯೂ ಒಗಟೂ ಜೊತೆಯಾಗಿವೆ.

ಒಗಟಿನ ದಾರಿಯನ್ನು ಅದರ ತುದಿಯವರೆಗೆ ಒಯ್ದವರು ರೇಮಂಡ್ ಸ್ಮಲ್ಯನ್. ಜಾದೂಗಾರರಾಗಿಯೂ ದುಡಿದಿದ್ದ ಅವರು ೧೯೫೯ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಅಲೊಂಜೊ ಚರ್ಚ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ೧೯೭೮ರಿಂದ ಹೊರಬಂದ ಅವರ ಒಗಟಿನ ಪುಸ್ತಕಗಳಲ್ಲಿ ಒಂದು ದ್ವೀಪವಿದೆ. ಅಲ್ಲಿ ಸದಾ ಸತ್ಯ ಹೇಳುವವರೂ ಸದಾ ಸುಳ್ಳು ಹೇಳುವವರೂ ಮಾತ್ರ ಇದ್ದಾರೆ. ಸತ್ಯವಂತರಲ್ಲಿ ಕೆಲವರು ಸತ್ಯವಂತರೆಂದು ಸಿದ್ಧಪಟ್ಟವರು. ದ್ವೀಪದವನೊಬ್ಬ ‘ನಾನು ಸಿದ್ಧಪಟ್ಟ ಸತ್ಯವಂತನಲ್ಲ’ ಎನ್ನುತ್ತಾನೆ. ಅವನು ಸುಳ್ಳುಗಾರನಾಗಿದ್ದರೆ ಮಾತು ಸುಳ್ಳು, ಅಂದರೆ ಅವನು ಸಿದ್ಧಪಟ್ಟ ಸತ್ಯವಂತ, ಇದು ಅಸಂಗತ. ಆದ್ದರಿಂದ ಅವನು ಸತ್ಯವಂತ, ಆದರೆ ಸಿದ್ಧಪಟ್ಟವನಲ್ಲ. ಈ ಒಗಟನ್ನು ಬಿಡಿಸಿದವರು ಗೋಡೆಲ್ ಅವರ ವಾದದ ಎಲುಬನ್ನು ಮುಟ್ಟಿರುತ್ತಾರೆ. ಸ್ಮಲ್ಯನ್ ೨೦೧೭ರಲ್ಲಿ ನಿಧನರಾಗುವವರೆಗೆ ಈ ಬಗೆಯ ಅನೇಕ ಗ್ರಂಥಗಳನ್ನು ಬರೆದರು.

ಒಗಟಿಗೂ ಮಿತಿಯಿದೆ. ದ್ವೀಪದವನು ‘ನಾನು’ ಎನ್ನಬಲ್ಲ, ಅಂಕಗಣಿತದ ವಾಕ್ಯ ಹಾಗೆನ್ನಲಾರದು. ಆ ಕೊರತೆಯನ್ನು ತುಂಬಲು ೯೦ನ್ನು ಒಡೆದು ನೋಡಿದಂತಹ ಲೆಕ್ಕವೇ ಬೇಕು. ಕನ್ನಡದಲ್ಲಿ ಗಣಿತವನ್ನು ಬರೆದ ಹನ್ನೆರಡನೆಯ ಶತಮಾನದ ರಾಜಾದಿತ್ಯನೂ, ಅವನಿಗಿಂತ ಹಿಂದೆ ಅಮೋಘವರ್ಷನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರೂ ನಿಯಮದ ಜೊತೆಗೆ ಬಿಡಿಸಬೇಕಾದ ಲೆಕ್ಕಗಳನ್ನು ಕೊಟ್ಟದ್ದು ಇದೇ ಅನುಭವದಿಂದ ಎಂದು ಊಹಿಸಬಹುದು.

೬. ಪಾಠಭ್ರಷ್ಟತೆ

ಗೋಡೆಲ್ ಪ್ರಮೇಯ ಕೇವಲ ಕಥೆಯಾಗಿ ಸಾಗಿದ ಕಡೆ ಅದರ ರೂಪ ಬೇಗನೆ ಕೆಟ್ಟಿತು. ಯಾವ ಸತ್ಯವನ್ನೂ ಸಾಧಿಸಲಾಗದು, ಬುದ್ಧಿಗೆ ಮೀರಿದ್ದು ಇದೆಯೆಂದು ಗಣಿತವೇ ಒಪ್ಪಿದೆ, ಯಾವ ಕಾನೂನೂ ಧರ್ಮಗ್ರಂಥವೂ ಪೂರ್ಣವಲ್ಲ ಎಂಬಂತಹ ತೀರ್ಮಾನಗಳಿಗೆ ಅದನ್ನು ಆಧಾರವಾಗಿ ಬಳಸಲಾಯಿತು. ಸಮಾಜಚಿಂತಕರು ಹೀಗೆ ಬಳಸಿ ಕೆಡಿಸಿದ್ದನ್ನು ೧೯೯೭ರಲ್ಲಿ ಅಲನ್ ಸೋಕಲ್ ಮತ್ತು ಜಾನ್ ಬ್ರಿಕ್ಮಾನ್ ವಿಮರ್ಶಿಸಿದರು. ಸ್ವೀಡನ್ನಿನ ತರ್ಕಶಾಸ್ತ್ರಜ್ಞ ಟಾರ್ಕೆಲ್ ಫ್ರಾನ್ಸೆನ್ ೨೦೦೫ರಲ್ಲಿ ಈ ಪ್ರಮೇಯದ ಬಳಕೆ ಮತ್ತು ದುರ್ಬಳಕೆಗಳಿಗಾಗಿಯೇ ಒಂದು ಗ್ರಂಥವನ್ನು ಮೀಸಲಿಟ್ಟರು.

ಪಾಠಾಂತರಗಳನ್ನು ಹೋಲಿಸುವ ಕ್ರಮದಲ್ಲಿ ನೋಡಿದರೆ, ಈ ಪ್ರಮೇಯದ ಯಾವ ನಿರೂಪಣೆಯಲ್ಲಿಯೂ ಕಳಚಬಾರದ ನಾಲ್ಕು ಆಶಯಗಳು ಕಂಡುಬರುತ್ತವೆ. ಒಂದು, ವ್ಯವಸ್ಥೆಯ ನಿಯಮಗಳು ಯಾಂತ್ರಿಕವಾಗಿ ಪರೀಕ್ಷಿಸಬಹುದಾದವು. ಧರ್ಮಗ್ರಂಥಕ್ಕೂ ಸಂವಿಧಾನಕ್ಕೂ ಅಂಥ ನಿಯಮಗಳಿಲ್ಲ; ಅವುಗಳಿಗೆ ಪ್ರಮೇಯ ಅನ್ವಯಿಸದು. ಎರಡು, ವ್ಯವಸ್ಥೆ ಸುಸಂಗತವಾಗಿರಬೇಕು. ಪರಸ್ಪರ ವಿರುದ್ಧ ವಾಕ್ಯಗಳೆರಡೂ ಸಾಧಿತವಾಗುವ ಕಡೆ ಎಲ್ಲವೂ ಸಾಧಿತವಾಗುತ್ತದೆ. ಮೂರು, ಅದರಲ್ಲಿ ಸಾಕಷ್ಟು ಅಂಕಗಣಿತ ಇರಬೇಕು. ಪೋಲೆಂಡಿನ ಪ್ರೆಸ್‌ಬರ್ಗರ್ ಅವರು ೧೯೨೯ರಲ್ಲಿಯೇ, ಗುಣಾಕಾರವಿಲ್ಲದ, ಸಂಕಲನ ಮಾತ್ರ ಇರುವ ಅಂಕಗಣಿತ ಪೂರ್ಣವೆಂದು ತೋರಿಸಿದ್ದರು. ಆದ್ದರಿಂದ ವ್ಯವಸ್ಥೆಗಳೆಲ್ಲ ಅಪೂರ್ಣ ಎಂಬ ಮಾತು ತಪ್ಪು. ನಾಲ್ಕು, ಸಾಧಿಸಲಾಗದು ಎಂಬುದರ ಅರ್ಥ ಆ ವ್ಯವಸ್ಥೆಯೊಳಗೆ ಸಾಧಿಸಲಾಗದು ಎಂದಷ್ಟೆ. ಒಂದು ಕಡತದ ಹೊರಗೆ ಉಳಿದ ವಾಕ್ಯವನ್ನು ಮತ್ತಷ್ಟು ನಿಯಮಗಳುಳ್ಳ ಬೇರೊಂದು ಕಡತದಲ್ಲಿ ದಾಖಲಿಸಬಹುದು. ಆ ಕಡತಕ್ಕೆ ಅದರದೇ ಆದ ಹೊರಗು ಇರುತ್ತದೆ. ವ್ಯವಸ್ಥೆಯು ತನ್ನ ಸುಸಂಗತತೆಯನ್ನು ತಾನೇ ಸಾಧಿಸಲಾರದು ಎಂಬ ಎರಡನೆಯ ಪ್ರಮೇಯವನ್ನು ಗಣಿತವೇ ನಂಬಲರ್ಹವಲ್ಲ ಎಂದು ಅರ್ಥೈಸಿದವರು ಈ ನಾಲ್ಕನೆಯ ಆಶಯವನ್ನು ಬಿಟ್ಟವರು. ಅಂಕಗಣಿತದ ಸುಸಂಗತತೆಯನ್ನು ಅದರ ಹೊರಗಿನ ಸಾಧನದಿಂದ ಗೆರ್ಹಾರ್ಡ್ ಗೆಂಟ್ಸನ್ ೧೯೩೬ರಲ್ಲಿ ಸಾಧಿಸಿದರು.

ನಾಲ್ಕೂ ಆಶಯಗಳನ್ನು ಉಳಿಸಿಕೊಂಡ ನಿರೂಪಣೆ ಎಷ್ಟು ಸರಳವಾಗಿದ್ದರೂ ಅದು ಪ್ರಮೇಯದ ಸಾಧುವಾದ ಪಾಠಾಂತರವೇ ಆಗಿರುತ್ತದೆ. ಅಮೆರಿಕದ ಜಾರ್ಜ್ ಬೂಲೋಸ್ ಅವರು ೧೯೯೪ರಲ್ಲಿ ಎರಡನೆಯ ಪ್ರಮೇಯವನ್ನು ಇಂಗ್ಲಿಷಿನ ಏಕಾಕ್ಷರ ಪದಗಳಲ್ಲಿಯೇ ವಿವರಿಸಿದ್ದು ಇದಕ್ಕೆ ನಿದರ್ಶನ. ಭಾಷೆ ಮಕ್ಕಳ ಭಾಷೆಯಾದರೂ ಹೆಜ್ಜೆಗಳು ಅಲ್ಲಿ ಕಳಚಿಲ್ಲ.

ಉಪಸಂಹಾರ

ಎರಡೂವರೆ ಶತಮಾನಗಳ ಈ ಚರಿತ್ರೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಗಣಿತೀಯ ತರ್ಕದ ಕಠಿಣ ಪರಿಕಲ್ಪನೆಗಳು ಗಣಿತೇತರರಿಗೆ ನಿಲುಕುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಆ ಶಾಸ್ತ್ರವನ್ನು ಕಟ್ಟಿದವರಲ್ಲಿಯೇ ಸ್ವಂತ ಓದಿನಿಂದ ಬಂದವರಿದ್ದರು, ಅದನ್ನು ಹರಡಿದವರಲ್ಲಿ ವಕೀಲರೂ ಜಾದೂಗಾರರೂ ಇದ್ದರು. ಕಥೆ ಕೇಳುಗನನ್ನು ಶಾಸ್ತ್ರದ ಹತ್ತಿರಕ್ಕೆ ತರುತ್ತದೆ. ಆದರೆ ಅದರಲ್ಲಿ ಷರತ್ತುಗಳು ಸದ್ದಿಲ್ಲದೆ ಕಳಚುತ್ತವೆ, ಕಳಚಿದ್ದು ಕೇಳುಗನಿಗೆ ತಿಳಿಯುವುದೂ ಇಲ್ಲ. ಒಗಟಿನಲ್ಲಿ ಷರತ್ತೊಂದು ಬಿಟ್ಟುಹೋದರೆ ಅದು ಬಿಡಿಸಲು ಬರುವುದಿಲ್ಲ. ಆದ್ದರಿಂದ ಬಿಡಿಸುವವನೇ ಅದರ ಕಾವಲುಗಾರನಾಗುತ್ತಾನೆ. ಕ್ಯಾರಲ್ ಅವರ ಬಿಲ್ಲೆಗಳಲ್ಲಿ, ಸ್ಮಲ್ಯನ್ ಅವರ ದ್ವೀಪದಲ್ಲಿ ತಿರುಳು ಉಳಿದು, ಕ್ಷೌರಿಕನ ಕಥೆಯಲ್ಲಿ ಸೋರಿಹೋದುದಕ್ಕೆ ಕಾರಣ ಇದು.

ಒಗಟು ಹೇಳುವ ಸಂದರ್ಭಗಳು ನಮ್ಮ ಗ್ರಾಮಗಳಲ್ಲಿ ವಿರಳವಾಗುತ್ತಿರುವುದನ್ನು ಜಾನಪದ ವಿದ್ವಾಂಸರು ದಾಖಲಿಸಿದ್ದಾರೆ. ಒಗಟುಗಳ ಪಠ್ಯಗಳು ಸಂಗ್ರಹಗಳಲ್ಲಿ ಸುರಕ್ಷಿತವಾಗಿವೆ. ಉತ್ತರ ಬಾರದವನನ್ನು ಕಾಯಿಸುವ, ತಪ್ಪು ಉತ್ತರವನ್ನು ಏಕೆ ತಪ್ಪೆಂದು ಎಲ್ಲರೆದುರು ಬಿಡಿಸಿ ತೋರಿಸುವ ಆ ಕಲಿಕೆಯ ಕ್ರಮ ಮಾತ್ರ ಸಂಗ್ರಹದಲ್ಲಿ ಉಳಿಯುವಂಥದಲ್ಲ. ಅಮೂರ್ತ ಶಾಸ್ತ್ರಗಳನ್ನು ಕನ್ನಡದಲ್ಲಿ ಬರೆಯುವವರಿಗೆ ಅದು ಇಂದಿಗೂ ಉಪಯುಕ್ತವಾದ ಮಾದರಿಯಾಗಿದೆ.